ಹಳೆ ಗಾರೆ ಗೋಡೆಗೆ ಹೊಸ ಚಿತ್ರ

ಕುಮಟಾ ತಾಲ್ಲೂಕಿನ ಓದುಗರೊಬ್ಬರ ಪತ್ರ:

“ಚಿತ್ರಕಲೆಯಲ್ಲಿ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷದಿಂದ ಶಾಲೆ, ಅಂಗನವಾಡಿಗಳ ಗೋಡೆಗೆ ಚಿತ್ರ ಬರೆಯುತ್ತಿದ್ದೇನೆ. ಈಗ ನಮ್ಮೂರಿನ ತೊಂಬತ್ತು ವರ್ಷದ ವಾಚನಾಲಯದ ಹೊರಗೋಡೆಗೆ ಊರ ಮಕ್ಕಳನ್ನು ಸೇರಿಸಿಕೊಂಡು ಭಿತ್ತಿಚಿತ್ರ ಮಾಡಿಕೊಡಿ ಎಂದು ಕೇಳಿದ್ದಾರೆ. ಚಿರೆಕಲ್ಲಿನ ಗೋಡೆ, ಸುಣ್ಣದ ಗಾರೆ. 20 ಅಡಿ ಅಗಲ, 10 ಅಡಿ ಎತ್ತರ. ಗಾರೆ ಕೆತ್ತಿ ತೆಗೆದು, ಸಿಮೆಂಟ್ ಹೊಡೆದು, ಪುಟ್ಟಿ ಹಚ್ಚಿ, ಮೇಲೆ ಎಮಲ್ಷನ್‌ನಲ್ಲಿ ಬರೆಯಿರಿ ಅನ್ನುತ್ತಾರೆ ಗುತ್ತಿಗೆದಾರರು. ಇದು ಸರಿಯೇ? ಮೇ ಕೊನೆಗೆ ಉದ್ಘಾಟನೆ. ಇನ್ನೊಂದು ಪ್ರಶ್ನೆ: ಗೋಡೆಚಿತ್ರ ಮತ್ತು ಹಳೆ ಕಟ್ಟಡಗಳ ಸಂರಕ್ಷಣೆ, ಎರಡನ್ನೂ ಸೇರಿಸಿ ಇದನ್ನೇ ಜೀವನೋಪಾಯ ಮಾಡಿಕೊಳ್ಳಬಹುದೇ?”

ಸಂಪಾದಕರ ಉತ್ತರ:

ಗಾರೆ ಕೆತ್ತಿಸಬೇಡಿ. ಗುತ್ತಿಗೆದಾರರಿಗೆ ಇಂದೇ ಹೇಳಿ ಕೆಲಸ ನಿಲ್ಲಿಸಿ. ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಇದರೊಳಗೇ ಇದೆ. ಚಿತ್ರ ಬರೆಯಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ. ಹಳೆ ಗೋಡೆಯ ಗುಣ ಅರಿತು ಬರೆಯುವವರು ಸಿಗುವುದಿಲ್ಲ. ನಿಮಗೆ ಆ ಜಾಗ ಖಾಲಿ ಇದೆ.

ಚಿರೆಕಲ್ಲು ತೂತುತೂತಾದ ಕಲ್ಲು, ಮಳೆಗಾಲ ಪೂರ್ತಿ ನೆಲದಿಂದ ನೀರು ಹೀರುತ್ತದೆ. ಸುಣ್ಣದ ಗಾರೆ ಆ ನೀರನ್ನು ಆವಿಯಾಗಿ ಹೊರಗೆ ಬಿಡುತ್ತದೆ. ನೀರಿನ ಜೊತೆ ಬಂದ ಉಪ್ಪು ಗೋಡೆಯ ಮೇಲೆ ಬಿಳಿ ಬೂದಿಯಂತೆ ಕೂರುತ್ತದೆ, ಒಣ ಬ್ರಷ್‌ನಲ್ಲಿ ಗುಡಿಸಿದರೆ ಹೋಗುತ್ತದೆ. ಅದರ ಮೇಲೆ ಸಿಮೆಂಟ್, ಪುಟ್ಟಿ, ಎಮಲ್ಷನ್ ಬಳಿದರೆ ಆವಿಯ ದಾರಿ ಕಟ್ಟಿಹೋಗುತ್ತದೆ. ಆಗ ಉಪ್ಪು ಬಣ್ಣದ ಪದರದ ಹಿಂದೆಯೇ ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಮೊದಲು ಗುಳ್ಳೆ, ಆಮೇಲೆ ಹಕ್ಕಳೆ. ನೆಲದಿಂದ ಮೂರು ಅಡಿಯೊಳಗೆ ಇದು ಶುರುವಾಗುತ್ತದೆ. ಹೊರಗೆ ಬರಲಾಗದ ನೀರು ಗೋಡೆಯಲ್ಲಿ ಇನ್ನೂ ಮೇಲಕ್ಕೇರುತ್ತದೆ, ಇಲ್ಲವೇ ಒಳಗಡೆಯ ಪುಸ್ತಕದ ಕಪಾಟಿನ ಹಿಂದೆ ಬೂಷ್ಟಾಗಿ ಕಾಣಿಸಿಕೊಳ್ಳುತ್ತದೆ. ಮುಂದೆ ಯಾರಾದರೂ ಆ ಸಿಮೆಂಟ್ ತೆಗೆಯಲು ಹೊರಟರೆ ಕಲ್ಲಿನ ಮೈಯೂ ಅದರ ಜೊತೆ ಕಿತ್ತು ಬರುತ್ತದೆ. ಬಣ್ಣ ಎಷ್ಟೇ ಒಳ್ಳೆಯ ಕಂಪನಿಯದಾದರೂ ಇದು ತಪ್ಪುವುದಿಲ್ಲ.

ಕೆತ್ತಬಾರದು ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ನಿಮ್ಮದು ಕಾವಿ ಕಲೆಯ ಸೀಮೆ. ಬಿಳಿ ಗಾರೆಯ ಮೇಲೆ ಕೆಂಪು ಪದರ ಹಚ್ಚಿ, ಹಸಿಯಿರುವಾಗಲೇ ಮೊನಚು ಕಡ್ಡಿಯಿಂದ ಗೀರಿ ಬಿಳುಪನ್ನು ಹೊರಗೆ ತೋರಿಸುವ ಈ ಕೆಲಸ ಗೋವಾದಿಂದ ನಿಮ್ಮ ಕರಾವಳಿಯವರೆಗೆ ಗುಡಿಗಳಲ್ಲೂ ಹಳೆ ಮನೆಗಳಲ್ಲೂ ಇತ್ತು. ಅದರಲ್ಲಿ ಬಹುಪಾಲು ಅಳಿದದ್ದು ಸುಣ್ಣ ಬಳಿಯುವವರ ಕೈಯಲ್ಲಿ, ಗಾರೆ ಕೆತ್ತುವವರ ಕೈಯಲ್ಲಿ. ನಿಮ್ಮ ವಾಚನಾಲಯದ ಸುಣ್ಣದ ಪದರಗಳ ಕೆಳಗೆ ಏನಿದೆ ಎಂದು ನೋಡದೆ ಉಳಿ ಇಡಬಾರದು.

ನೋಡುವುದು ಹೀಗೆ. ಗೋಡೆಯ ಆರೇಳು ಕಡೆ, ಮುಖ್ಯವಾಗಿ ಬಾಗಿಲು ಕಿಟಕಿಗಳ ಸುತ್ತ ಮತ್ತು ಸೂರಿನ ಕೆಳಗೆ, ಎರಡು ಇಂಚು ಚೌಕದ ಕಿಂಡಿ ಗುರುತಿಸಿಕೊಳ್ಳಿ. ಸರ್ಜಿಕಲ್ ಬ್ಲೇಡನ್ನು ಗೋಡೆಗೆ ಮಲಗಿಸಿ ಹಿಡಿದು ಒಂದೊಂದೇ ಪದರ ಎಬ್ಬಿಸಿ. ಮೇಲೆ ಡಿಸ್ಟೆಂಪರ್ ಇರಬಹುದು, ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ, ಅದರ ಕೆಳಗೆ ಹತ್ತಾರು ಸಲ ಬಳಿದ ಬರಿ ಸುಣ್ಣ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ. ಪ್ರತಿ ಪದರದ ಒಂದು ಅಂಚನ್ನು ಉಳಿಸಿಕೊಂಡು ಮೆಟ್ಟಿಲಿನ ಹಾಗೆ ಇಳಿಯಿರಿ, ಆಗ ಒಂದೇ ಫೋಟೊದಲ್ಲಿ ಎಲ್ಲವೂ ಕಾಣುತ್ತದೆ. ಕೆಂಪು ಕಂಡಿತೋ, ಬ್ಲೇಡ್ ಕೆಳಗಿಡಿ. ಅಲ್ಲಿಂದ ಮುಂದೆ ಅದು ಸಂರಕ್ಷಕರ ಕೆಲಸ. ನಿಮ್ಮ ಚಿತ್ರಕ್ಕೆ ಕಾಂಪೌಂಡ್ ಗೋಡೆ ಕೇಳಿ, ಇಲ್ಲವೇ ಗೋಡೆಯಿಂದ ಎರಡು ಇಂಚು ದೂರ ನಿಲ್ಲುವ ಚೌಕಟ್ಟಿನಲ್ಲಿ ಹಲಗೆ ಕೂರಿಸಿ ಅದರ ಮೇಲೆ ಬರೆಯಿರಿ. ಚೌಕಟ್ಟಿನ ಸ್ಕ್ರೂ ಕಲ್ಲಿಗೆ ಹಾಕಬಾರದು, ಕಲ್ಲುಗಳ ನಡುವಿನ ಸಂದಿಗೆ ಹಾಕಬೇಕು. ಕಡಲ ಗಾಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಟ್ಟು ಬೇರೆ ಯಾವುದೂ ಬೇಡ.

ಕೆಳಗೆ ಏನೂ ಇಲ್ಲವೆಂದು ಖಚಿತವಾದರೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಚಾಕ್‌ನಿಂದ ಗೆರೆ ಹಾಕಿ. ಅಷ್ಟನ್ನು ಮಾತ್ರ ತೆಗೆದು ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ತುಂಬಿ. ತೇವ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ. ನಿಂಬೆರಸ ಬಿಟ್ಟು ನೊರೆ ಬಂದರೆ ಸುಣ್ಣದ ಗಾರೆ ಅನ್ನುವವರಿದ್ದಾರೆ. ಸಿಮೆಂಟಿಗೂ ನೊರೆ ಬರುತ್ತದೆ, ಆ ಪರೀಕ್ಷೆ ನಂಬಬೇಡಿ. ಬೀಗದ ಕೈಯಿಂದ ಗೀರಿದರೆ ಸುಣ್ಣದ ಗಾರೆ ಪುಡಿ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ.

ನಮ್ಮ ಸಲಹೆ, ಈ ಗೋಡೆಗೆ ಕಾವಿಯನ್ನೇ ಮಾಡಿ. ಸುಣ್ಣದ ಮೇಲೆ ಸುಣ್ಣ ಕೂರುವುದರಿಂದ ಗೋಡೆಯ ಉಸಿರು ಕಟ್ಟುವುದಿಲ್ಲ. ಕೆಳಗಿನ ಮೂರು ಅಡಿಗೆ ಚಿತ್ರ ಬೇಡ, ಬರಿ ಸುಣ್ಣ ಬಳಿದು ಬಿಡಿ. ವರ್ಷವರ್ಷ ಉಪ್ಪು ಗುಡಿಸಿ ಮತ್ತೆ ಬಳಿಯಬಹುದು. ಉಳಿದದ್ದು 20 ಅಡಿಗೆ 7 ಅಡಿ, ಅಂದರೆ 140 ಚದರ ಅಡಿ. ಕಾಲು ಇಂಚಿನ ಬಿಳಿ ಪದರಕ್ಕೆ ಹಾಳಾಗುವುದೂ ಸೇರಿ ಮೂರೂವರೆ ಘನ ಅಡಿ ಜರಡಿ ಹಿಡಿದ ನದಿ ಮರಳು, ಅದರ ಅರ್ಧದಷ್ಟು, ಅಂದರೆ ಸುಮಾರು 50 ಲೀಟರ್, ಸುಣ್ಣದ ಮುದ್ದೆ ಬೇಕು. ಕಡಲ ಮರಳು ಹತ್ತಿರದಲ್ಲೇ ಸಿಗುತ್ತದೆಂದು ತರಿಸಬೇಡಿ, ಅದರ ಉಪ್ಪು ಗಾರೆಯೊಳಗೇ ಉಳಿಯುತ್ತದೆ. ಚಿಪ್ಪಿನ ಸುಣ್ಣ ಸಿಕ್ಕರೆ ಅದೇ ಒಳ್ಳೆಯದು. ಕನಿಷ್ಠ ಮೂರು ತಿಂಗಳು ನೀರಿನಡಿ ನೆನೆಯಲಿ, ಬಳಸುವ ಮೊದಲು ಬಟ್ಟೆಯಲ್ಲಿ ಸೋಸಿ. ಸರಿಯಾಗಿ ಅರಳದ ಕಾಳು ಉಳಿದರೆ ತಿಂಗಳುಗಳಾದ ಮೇಲೆ ಗೋಡೆಯಲ್ಲೇ ಅರಳಿ ಸಿಡಿಯುತ್ತದೆ. ಚಿತ್ರದ ಮುಖದ ಮೇಲೆ ಕಡಲೆ ಗಾತ್ರದ ಗುಳಿ ಬೀಳುತ್ತದೆ. ಹಿಂದಿನವರು ಗಾರೆಗೆ ಬೆಲ್ಲ ಸೇರಿಸಿ ಎರಡು ವಾರ ಕೊಳೆಹಾಕಿ ಕುಟ್ಟುತ್ತಿದ್ದರು. ಕುಟ್ಟುವುದನ್ನಂತೂ ಬಿಡಬೇಡಿ, ಹಾಗೆ ಮಾಡಿದರೆ ಕಡಿಮೆ ನೀರಿನಲ್ಲೇ ಗಾರೆ ಹದಕ್ಕೆ ಬರುತ್ತದೆ, ಬಿರುಕೂ ಕಡಿಮೆ.

ಕೆಂಪು ಪದರ ಎರಡು ಮಿಲಿಮೀಟರ್ ಸಾಕು. ಹುರುಮಂಜಿಯನ್ನು, ಅಂದರೆ ಕೆಮ್ಮಣ್ಣಿನ ಪುಡಿಯನ್ನು, ಸುಣ್ಣದ ಹತ್ತು ಪಾಲಿಗೆ ಒಂದು, ಎರಡು, ಮೂರು ಪಾಲಿನಂತೆ ಬೆರೆಸಿ ಹೆಂಚಿನ ಮೇಲೆ ಮೂರು ನಮೂನೆ ಮಾಡಿ ಒಣಗಿಸಿ. ಒಣಗಿದ ಮೇಲೆ ಕೈಗೆ ಬಣ್ಣ ಹತ್ತಿದರೆ ಆ ಪ್ರಮಾಣ ಹೆಚ್ಚಾಯಿತು ಅಂತಲೇ ಅರ್ಥ. ಗೋಡೆಗೆ ಹಿಂದಿನ ಸಂಜೆಯೇ ನೀರು ಕುಡಿಸಿ, ಬೆಳಿಗ್ಗೆ ಮತ್ತೊಮ್ಮೆ. ಅಂದಂದು ಗೀರಿ ಮುಗಿಸುವಷ್ಟನ್ನೇ ಹಚ್ಚಬೇಕು. ದಿನಕ್ಕೆ 12 ಚದರ ಅಡಿ ಎಂದಿಟ್ಟುಕೊಂಡರೆ ಹನ್ನೆರಡು ದಿನದ ಕೆಲಸ. ದಿನದಿನದ ತುಂಡುಗಳ ಜೋಡು ಚಿತ್ರದ ಗೆರೆಯ ಮೇಲೆಯೇ ಬರುವಂತೆ ಮೊದಲೇ ಯೋಚಿಸಿಟ್ಟುಕೊಳ್ಳಿ. ಕೆಂಪು ಹಚ್ಚಿ ನುಣುಪು ಕಲ್ಲಿನಿಂದ ತಿಕ್ಕಿದ ಮೇಲೆ ಕಾಯಬೇಕು. ಹೆಬ್ಬೆರಳು ಒತ್ತಿದರೆ ಗುರುತು ಬೀಳಬಾರದು, ಉಗುರು ಗೀರಿದರೆ ಗೀರು ಬೀಳಬೇಕು, ಅದು ಹದ. ಅದಕ್ಕೂ ಮೊದಲು ಕಡ್ಡಿ ಇಟ್ಟರೆ ಅಂಚು ಎಳೆದುಕೊಂಡು ಬಂದು ಕೆಂಪು ಬಿಳಿಗೆ ಮೆತ್ತುತ್ತದೆ, ತಡವಾದರೆ ಅಂಚು ಚಕ್ಕೆಯೇಳುತ್ತದೆ. ಗೀರಿದ ಕುಳಿಯ ಕೆಳಅಂಚನ್ನು ಹೊರಕ್ಕೆ ಇಳಿಜಾರಾಗಿ ಬಿಡಿ, ಮಳೆನೀರು ನಿಲ್ಲುವುದಿಲ್ಲ. ಮುಗಿದ ಭಾಗಕ್ಕೆ ಒದ್ದೆ ಗೋಣಿ ತೂಗುಬಿಟ್ಟು ಒಂದು ವಾರ ನೆರಳು, ತಂಪು ಕೊಡಿ. ಬಿಸಿಲಿಗೆ ಬೇಗ ಒಣಗಿದ ಸುಣ್ಣ ಗಟ್ಟಿಯಾಗುವುದಿಲ್ಲ, ಪುಡಿಯಾಗುತ್ತದೆ.

ಮಕ್ಕಳ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಹಸಿ ಸುಣ್ಣ ಕಣ್ಣು ಸುಡುತ್ತದೆ. ಗಾರೆ ಕಲಸುವಲ್ಲಿ, ಹಚ್ಚುವಲ್ಲಿ ಮಕ್ಕಳು ಇರಬಾರದು. ದೊಡ್ಡವರಿಗೂ ಕನ್ನಡಕ, ರಬ್ಬರ್ ಗವಸು ಬೇಕೇ ಬೇಕು. ಕಣ್ಣಿಗೆ ಸಿಡಿದರೆ ಶುದ್ಧ ನೀರಿನಿಂದ ಇಪ್ಪತ್ತು ನಿಮಿಷ ಬಿಡದೆ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಮಕ್ಕಳ ನಿಜವಾದ ಪಾಲು ಅದಕ್ಕೂ ಮುಂಚಿನದು: ಊರಿನ ಹಿರಿಯರಿಂದ ಕಥೆ ಕೇಳಿ ಬರುವುದು, ಒಂದು ಇಂಚಿಗೆ ಒಂದು ಅಡಿಯ ಲೆಕ್ಕದಲ್ಲಿ ಚೌಕ ಹಾಕಿದ ಕಾಗದದ ಮೇಲೆ ಚಿತ್ರ ಬರೆಯುವುದು, ಅದನ್ನು ನಿಜ ಅಳತೆಗೆ ಹಿಗ್ಗಿಸಿ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುವುದು. ಆ ಕಾಗದವನ್ನು ಗೋಡೆಗೆ ಹಿಡಿದು ಇದ್ದಿಲು ಪುಡಿಯ ಬಟ್ಟೆಗಂಟು ತಟ್ಟಿದರೆ ಗೆರೆ ಇಳಿಯುತ್ತದೆ. ಗವಸು, ಕನ್ನಡಕ ಹಾಕಿದ ದೊಡ್ಡ ಮಕ್ಕಳು ಅಂಚಿನ ಬಳ್ಳಿ ಗೀರಲಿ.

ಜೀವನವಿಡೀ ಮಾಡಬಹುದೇ ಎಂದು ಕೇಳಿದಿರಿ. ಅಮೆರಿಕದ ಲಾಸ್ ಏಂಜಲೀಸ್‌ನ ಭಿತ್ತಿಚಿತ್ರ ಕಲಾವಿದೆ ಜೂಡಿ ಬಾಕಾ ಅವರ ಕೆಲಸ ನೋಡಿ. ಸ್ಯಾನ್ ಫರ್ನಾಂಡೊ ಕಣಿವೆಯ ನೆರೆಕಾಲುವೆಯೊಂದರ ಕಾಂಕ್ರೀಟ್ ಗೋಡೆಗೆ ಅವರು 1976ರಲ್ಲಿ ಬಣ್ಣ ಹಚ್ಚಲು ತೊಡಗಿ, ಬೇಸಿಗೆಯಿಂದ ಬೇಸಿಗೆಗೆ ಮುಂದುವರಿಸಿ, ಕ್ಯಾಲಿಫೋರ್ನಿಯದ ಇತಿಹಾಸವನ್ನು 2,754 ಅಡಿ ಉದ್ದಕ್ಕೆ ಬರೆದರು. ಜೊತೆಗಿದ್ದದ್ದು ನಾನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು. ಬಿಸಿಲು, ನೀರಿಗೆ ಮಾಸಿದ ಚಿತ್ರದ ದುರಸ್ತಿ 2011ರಲ್ಲಿ ಮುಗಿಯಿತು. 2017ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು. ಊರವರ ಚಿತ್ರವೇ ಕಾಪಾಡಬೇಕಾದ ಆಸ್ತಿಯಾಯಿತು. ಇದು ಸಾಧ್ಯವಾದದ್ದು 1976ರಲ್ಲೇ ಅವರು ಇನ್ನಿಬ್ಬರ ಜೊತೆ ಸ್ಪಾರ್ಕ್ ಎಂಬ ಸಂಸ್ಥೆ ಕಟ್ಟಿದ್ದರಿಂದ. ಒಂಟಿ ಚಿತ್ರಕಾರರಿಗೆ ಗೋಡೆ ಸಿಗುತ್ತದೆ. ಮೂವತ್ತು ವರ್ಷದ ಮೇಲೆ ಅದೇ ಗೋಡೆಯನ್ನು ದುರಸ್ತಿ ಮಾಡಲು ಸಂಸ್ಥೆ ಬೇಕು.

ಸಂರಕ್ಷಣೆಯನ್ನು ಕಲಿಯಲೇಬೇಕು, ಕೈಗುಣವೊಂದೇ ಸಾಲದು. ಅಲ್ಲಿ ಹೊಸದನ್ನು ಬರೆಯುವ ಆಸೆಯನ್ನೇ ಬದಿಗಿಡಬೇಕಾಗುತ್ತದೆ. ಹಳೆ ಚಿತ್ರದಲ್ಲಿ ಬಣ್ಣ ಹೋದ ಕಡೆ ಸಣ್ಣ ಲಂಬ ಗೆರೆಗಳನ್ನು ಒತ್ತೊತ್ತಾಗಿ ಎಳೆದು ತುಂಬುವ ಇಟಲಿಯ ಪದ್ಧತಿಯನ್ನು ನೋಡಿ: ದೂರಕ್ಕೆ ಚಿತ್ರ ಒಂದಾಗಿ ಕಾಣುತ್ತದೆ, ಹತ್ತಿರ ಹೋದರೆ ಯಾವುದು ಹಳೆಯದು, ಯಾವುದು ಈಗಿನದು ಎಂದು ತಿಳಿಯುತ್ತದೆ. ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ. ಬೆಂಗಳೂರಿನಲ್ಲಿ ಪರಂಪರೆಯ ಸಂರಕ್ಷಣೆಗಾಗಿರುವ ಸಂಸ್ಥೆ ಇಂಟ್ಯಾಕ್ ಮತ್ತು ಚಿತ್ರಕಲಾ ಪರಿಷತ್ತು ಸೇರಿ ಕಟ್ಟಿದ ಕಲಾ ಸಂರಕ್ಷಣಾ ಕೇಂದ್ರವಿದೆ. ತರಬೇತಿ ಯಾವಾಗ ಎಂದು ಎರಡೂ ಕಡೆ ಪತ್ರ ಬರೆದು ವಿಚಾರಿಸಿ. ಅದರ ಜೊತೆಗೆ ನಿಮ್ಮೂರಲ್ಲಿ ಗಾರೆ ಕೆಲಸ ಬಲ್ಲ ಮುದುಕರು ಯಾರಾದರೂ ಉಳಿದಿದ್ದರೆ ಈ ಕೆಲಸಕ್ಕೆ ಕರೆಯಿರಿ, ದಿನಗೂಲಿ ಕೊಟ್ಟು ಕರೆಯಿರಿ.

ಒಪ್ಪಂದವಿಲ್ಲದೆ ಗೋಡೆ ಮುಟ್ಟಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಕಲಾವಿದರಿಗೆ ತಮ್ಮ ಹೆಸರಿನ ಹಕ್ಕನ್ನೂ, ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕನ್ನೂ ಕೊಡುತ್ತದೆ. ದೆಹಲಿಯ ವಿಜ್ಞಾನ ಭವನದಿಂದ 1979ರಲ್ಲಿ ಕಿತ್ತ ತಮ್ಮ ಕಂಚಿನ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರನಾಥ ಸೆಹಗಲ್ ಹೋರಾಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪದ ಅವಶೇಷವನ್ನು ಅವರಿಗೆ ಮರಳಿಸಿ, ಐದು ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು. ಆದರೆ ಕಟ್ಟಡವನ್ನೇ ಕೆಡವಿದಾಗ ಈ ಹಕ್ಕು ನೆರವಿಗೆ ಬರುತ್ತದೆಂದು ನೆಚ್ಚಿಕೊಳ್ಳಬೇಡಿ. ದೆಹಲಿಯ ಪ್ರಗತಿ ಮೈದಾನದಲ್ಲಿದ್ದ ಪ್ರದರ್ಶನ ಭವನ ಹಾಲ್ ಆಫ್ ನೇಷನ್ಸ್ ಕೆಡವಿದ ಬಗ್ಗೆ ವಾಸ್ತುಶಿಲ್ಪಿ ರಾಜ್ ರೇವಾಲ್ ಹೂಡಿದ ದಾವೆಯನ್ನು ಅದೇ ನ್ಯಾಯಾಲಯ 2019ರಲ್ಲಿ ತಳ್ಳಿಹಾಕಿತು. ಹಾಗಾಗಿ ಕಾಗದದಲ್ಲೇ ಬರೆಸಿಕೊಳ್ಳಿ: ಸುಣ್ಣ ಬಳಿಯುವ, ಕೆತ್ತುವ ಮೊದಲು 60 ದಿನ ಮುಂಚಿತವಾಗಿ ತಿಳಿಸಬೇಕು, ವರ್ಷಕ್ಕೊಮ್ಮೆ ಗೋಡೆ ನೋಡಲು ಬಿಡಬೇಕು, ಸೂರಿನ ಹಂಚು, ನೀರಿನ ದೋಣಿ ಸರಿಯಾಗಿಡುವ ಹೊಣೆ ವಾಚನಾಲಯದ್ದು. ಹಣ ಕೇಳುವಾಗ ಗೋಡೆ ಪರೀಕ್ಷೆಯನ್ನು ಪ್ರತ್ಯೇಕ ಬಾಬ್ತಾಗಿ ತೋರಿಸಿ, ಚಿತ್ರ ಮಾಡಲಿ ಬಿಡಲಿ ಆ ಹಣ ನಿಮಗೆ ಬರಬೇಕು.

ಇನ್ನು ಮೇ ಕೊನೆಯ ಉದ್ಘಾಟನೆ. ಕೊನೆಯ ಗೀರು ಏಪ್ರಿಲ್ ಮಧ್ಯದೊಳಗೆ ಮುಗಿಯದಿದ್ದರೆ ಸುಣ್ಣ ಗಟ್ಟಿಯಾಗುವ ಮೊದಲೇ ಮಳೆ ಹೊಡೆಯುತ್ತದೆ. ಸುಣ್ಣ ಇನ್ನೂ ನೆನೆಹಾಕಿಲ್ಲದಿದ್ದರೆ ಈ ಬೇಸಿಗೆಯಲ್ಲಿ ಮಕ್ಕಳ ಕಾಗದದ ಚಿತ್ರಗಳನ್ನೇ ಪ್ರದರ್ಶನಕ್ಕಿಡಿ, ಗೋಡೆ ಕೆಲಸ ಡಿಸೆಂಬರ್‌ಗೆ ಇರಲಿ. ಸದ್ಯಕ್ಕೆ ಕಿಂಡಿಗಳನ್ನು ತೆರೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ಕಳಿಸಿ. ಕೆಂಪು ಇದೆಯೋ ಇಲ್ಲವೋ ನೋಡಿ ಮುಂದಿನದು ಬರೆಯುತ್ತೇವೆ.