ಉರಿಮೂತ್ರ ಮತ್ತು ಮೂರು ತಿಂಗಳ ಮೌನ

ಹೆಂಡತಿಗೆ ಪದೇ ಪದೇ ಉರಿಮೂತ್ರ ಬಂದು, ಅದಕ್ಕಾಗಿ ಒಬ್ಬರನ್ನೊಬ್ಬರು ಶಂಕಿಸಿ ಮಾತು ಬಿಟ್ಟ ಜೋಡಿಗಳನ್ನು ಹಾಸನದಲ್ಲಿ ಆಪ್ತಸಮಾಲೋಚಕಿಯಾಗಿ ಮತ್ತೆ ಮತ್ತೆ ನೋಡುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ.

ಆಕೆಗೆ ಇಪ್ಪತ್ತಾರು. ಆಲೂರು ಕಡೆಯಿಂದ ಬಸ್ಸಿನಲ್ಲಿ ಬಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುತ್ತಾಳೆ. ಗಂಡನದು ಆಲೂಗಡ್ಡೆ, ಶುಂಠಿ ಸಾಗಿಸುವ ಗೂಡ್ಸ್ ವಾಹನ. ಮದುವೆಯಾದ ಒಂದೂವರೆ ವರ್ಷದಲ್ಲಿ ಐದು ಸಲ ಉರಿಮೂತ್ರ. ಮನೆಯಲ್ಲಿ ಮಾತುಕತೆಯೇ ನಿಂತಿದೆ ಎಂದು ವೈದ್ಯರು ನನ್ನ ಬಳಿ ಕಳಿಸಿದ್ದರು.

ಮೊದಲು ಆಕೆಯೊಬ್ಬಳೇ ಬಂದಳು. ಕರವಸ್ತ್ರದ ಗಂಟು ಬಿಚ್ಚಿ ಮಾತ್ರೆಯ ಪಟ್ಟಿ ಮೇಜಿನ ಮೇಲಿಟ್ಟಳು. ಐದು ದಿನದ್ದರಲ್ಲಿ ಎರಡು ದಿನದ ಮಾತ್ರೆ ಮಾತ್ರ ಖಾಲಿ. “ಉರಿ ನಿಂತ ಕೂಡಲೇ ಬಿಟ್ಟುಬಿಡುತ್ತೇನೆ. ಮುಂದಿನ ಸಲಕ್ಕೆ ಬೇಕಲ್ಲ ಮೇಡಂ.” ಬಹಳ ಹೊತ್ತಿನ ಮೇಲೆ, “ತವರಿನಲ್ಲಿದ್ದಾಗ ನನಗೆ ಇದೇನೂ ಇರಲಿಲ್ಲ. ಇವರು ಲೋಡ್ ತೆಗೆದುಕೊಂಡು ಹೋಗಿ ರಾತ್ರಿ ಹೊರಗೇ ಉಳಿಯುತ್ತಾರೆ. ಇವರಿಂದಲೇ ಬಂದಿರಬೇಕು” ಎಂದಳು. ಮೂರು ತಿಂಗಳಿಂದ ಅತ್ತೆಯ ಕೋಣೆಯಲ್ಲಿ ಮಲಗುತ್ತಿದ್ದಳು.

ಆಕೆಯ ಒಪ್ಪಿಗೆ ಪಡೆದು ಗಂಡನನ್ನು ಕರೆಸಿದೆ. ಅವನೂ ತಲೆ ಎತ್ತದೆ ಹೇಳಿದ: “ಫ್ಯಾಕ್ಟರಿಗೆ ಹೋಗುವವಳು ಎಲ್ಲಿಂದಲೋ ಅಂಟಿಸಿಕೊಂಡು ಬಂದಿದ್ದಾಳೆ ಎಂದು ಅಮ್ಮ ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ.”

ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮೂತ್ರದ ಕಲ್ಚರ್, ಅಂದರೆ ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ಬೆಳೆಸಿ ನೋಡುವ ಪರೀಕ್ಷೆಯ ವರದಿ ಬಿಚ್ಚಿದೆ. ಲೈಂಗಿಕ ಸೋಂಕಿನ ಪರೀಕ್ಷೆಗಳನ್ನು ವೈದ್ಯರು ಮೊದಲೇ ಮಾಡಿಸಿದ್ದರು, ಏನೂ ಇರಲಿಲ್ಲ. ಆ ಪರೀಕ್ಷೆಗಳು ಆಗಿರದಿದ್ದರೆ ನಾನು ಅಷ್ಟು ಖಚಿತವಾಗಿ ಮಾತನಾಡುತ್ತಿರಲಿಲ್ಲ. “ಇಲ್ಲಿ ಇ. ಕೋಲಿ ಎಂದಿದೆಯಲ್ಲ, ಆ ಬ್ಯಾಕ್ಟೀರಿಯಾ ನಿಮ್ಮ ಕರುಳಿನಲ್ಲೂ ಇದೆ, ನನ್ನ ಕರುಳಿನಲ್ಲೂ ಇದೆ. ಹೆಂಗಸರ ಮೂತ್ರನಾಳ ತೀರಾ ಗಿಡ್ಡ, ಮಲದ್ವಾರಕ್ಕೆ ಹತ್ತಿರ. ಗಂಡ ಹೆಂಡತಿ ಕೂಡಿದಾಗ ಅಲ್ಲಿನ ಚರ್ಮದ ಮೇಲಿದ್ದ ಬ್ಯಾಕ್ಟೀರಿಯಾ ಒಳಗೆ ಸರಿಯುತ್ತದೆ. ಮದುವೆಯ ನಂತರ ಶುರುವಾಗುವುದು ಅದಕ್ಕೇ. ಯಾರೂ ಯಾರಿಗೂ ತಂದು ಕೊಟ್ಟದ್ದಲ್ಲ.”

ಮೇಜಿನ ಮೇಲೆ ಅಡಿಕೋಲಿತ್ತು. “ಎಷ್ಟು ಗಿಡ್ಡ?” ಎಂದ. ನಾಲ್ಕು ಸೆಂಟಿಮೀಟರ್ ತೋರಿಸಿದೆ. ಆ ಗೆರೆಯ ಮೇಲೆ ಹೆಬ್ಬೆರಳಿಟ್ಟು ಸುಮ್ಮನೆ ನೋಡುತ್ತಿದ್ದ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹೆಣ್ಣಿನ ಇಂಥ ವಿಷಯವನ್ನು ಗಂಡನ ಮುಂದೆ ಬಿಡಿಸಿ ಹೇಳಬಾರದಿತ್ತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಮುಚ್ಚಿಟ್ಟದ್ದರಿಂದಲೇ ಇಬ್ಬರೂ ಮೂರು ತಿಂಗಳು ಒಬ್ಬರನ್ನೊಬ್ಬರು ಅಪರಾಧಿ ಮಾಡಿಕೊಂಡು ಬದುಕಿದ್ದರು.

ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷದಲ್ಲಿ ಮೂರು ಸಲ ಬಂದರೆ ಅದು ಮರುಕಳಿಸುವ ಸೋಂಕು. ಆಗ ಮೆಡಿಕಲ್ ಶಾಪಿನ ಮಾತ್ರೆ ಸಾಲದು. ಆ್ಯಂಟಿಬಯಾಟಿಕ್ ನುಂಗುವ ಮೊದಲೇ ಮೂತ್ರದ ಕಲ್ಚರ್ ಆಗಬೇಕು, ಸಕ್ಕರೆ ಕಾಯಿಲೆ ಇದೆಯೇ ನೋಡಬೇಕು. ಬರೆದುಕೊಟ್ಟಷ್ಟು ದಿನ ಮಾತ್ರೆ ಮುಗಿಸಬೇಕು. ಕೂಡಿದ ಬಳಿಕ ಮೂತ್ರಕ್ಕೆ ಹೋಗಿಬರುವುದು ಸುಲಭ, ಹಾನಿಯೂ ಇಲ್ಲ. ಬಾರ್ಲಿ ನೀರು ಕುಡಿಯಲಿ, ಆದರೆ ಅದೇ ಔಷಧವೆಂದು “ಉಷ್ಣ” ಇಳಿಯಲು ಕಾಯುವುದು ಬೇಡ. ಚಳಿಜ್ವರ, ಪಕ್ಕೆನೋವು, ವಾಂತಿ ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಂತೂ ಸಣ್ಣ ಉರಿಗೂ ತಡಮಾಡಬಾರದು.

ನೀರು ಕಡಿಮೆ ಕುಡಿಯುತ್ತಿದ್ದ ಹೆಂಗಸರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದಾಗ ಸೋಂಕು ಕಡಿಮೆಯಾದದ್ದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ಆದರೆ ಈಕೆ ಬೆಳಗ್ಗೆಯಿಂದ ಊಟದ ಬಿಡುವಿನವರೆಗೆ ಮೂತ್ರ ಕಟ್ಟಿಕೊಂಡೇ ಕೂರುತ್ತಿದ್ದಳು, ಅದಕ್ಕಾಗಿ ನೀರೇ ಮುಟ್ಟುತ್ತಿರಲಿಲ್ಲ. ಹಾಗಾಗಿ ಕೆಲಸದ ನಡುವೆ ಶೌಚಾಲಯಕ್ಕೆ ಬಿಡಬೇಕೆಂದು ಮೇಲ್ವಿಚಾರಕರಿಗೆ ತೋರಿಸಲು ವೈದ್ಯರಿಂದ ಚೀಟಿ ಬರೆಸಿಕೊಟ್ಟೆ. ಈ ಚೀಟಿಗಾಗಿ ಹೆಣ್ಣುಮಕ್ಕಳು ಅಂಗಲಾಚಬೇಕಾಗಿರುವುದು ನನಗೆ ಇಂದಿಗೂ ಸಂಕಟದ ಸಂಗತಿ.

“ಅಮ್ಮನಿಗೆ ನಾನೇ ಹೇಳುತ್ತೇನೆ” ಎಂದು ಗಂಡ, ವಿವರಿಸುವಾಗ ನಾನು ಬರೆದಿದ್ದ ಚಿತ್ರದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಮುಂದಿನ ಸಲ ಆಕೆಯ ಜೊತೆ ಅತ್ತೆಯೂ ಬಂದರು. ಸೊಸೆಯನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು, ಮುಟ್ಟು ನಿಂತ ಮೇಲೆ ತನಗೂ ಹೀಗೇ ಆಗುತ್ತಿದೆ, ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ ಎಂದರು. ಆ ವಯಸ್ಸಿನಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ತಗ್ಗಿ ಯೋನಿಯ, ಮೂತ್ರನಾಳದ ಒಳಪದರ ತೆಳುವಾಗುತ್ತದೆ, ಹಚ್ಚುವ ಕ್ರೀಮ್ ಇದೆ ಎಂದು ವಿವರಿಸಿ, ಅವರನ್ನೂ ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಚೀಟಿ ಹಿಡಿದು ಸೊಸೆಯೇ ಮುಂದೆ ನಡೆದಳು.