ಹಿರಿಯರಲ್ಲಿ ಫ್ರೇಲ್ಟಿ: ಶೇ. 4 ಸರಿಯೋ, ಶೇ. 59 ಸರಿಯೋ? ಅಮ್ಮನಿಗೆ (74) ಇದೆಯಾ ಅಂತ ತಿಳಿಯೋದು ಹೇಗೆ?

ಫ್ರೇಲ್ಟಿ ಅಂದರೆ ವಯಸ್ಸಾದಂತೆ ದೇಹದ ಶಕ್ತಿ ಕುಂದಿ, ಸಣ್ಣ ಕಾಯಿಲೆಯನ್ನೂ ತಡೆದುಕೊಳ್ಳಲು ಕಷ್ಟವಾಗುವ ಸ್ಥಿತಿ. ಎರಡು ಅಂಕಿಗಳ ನಡುವೆ ಇಷ್ಟು ಅಂತರ ಇರೋದಕ್ಕೆ ಮುಖ್ಯ ಕಾರಣ ಅಳತೆಗೋಲು: ಒಂದೊಂದು ಅಧ್ಯಯನ ಅದನ್ನು ಒಂದೊಂದು ರೀತಿ ಅಳೆದಿದೆ. ಬಹುಶಃ ನೀವು ಓದಿದ್ದು 2012ರ ಒಂದೇ ವಿಮರ್ಶೆಯ ಎರಡು ತುದಿ. ಮನೆಯಲ್ಲೇ ಬದುಕುವ, 65 ದಾಟಿದವರ 21 ಅಧ್ಯಯನಗಳನ್ನು ಕೂಡಿಸಿದಾಗ ಅದರಲ್ಲಿ ಬಂದ ಸರಾಸರಿ ಶೇ. 10.7. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ವಯಸ್ಸು ಏರಿದಂತೆ ಇದೂ ಏರುತ್ತದೆ.

ಆದರೆ ಅಮ್ಮನ ವಿಷಯಕ್ಕೆ ಶೇಕಡಾ ಲೆಕ್ಕ ಉಪಯೋಗವಿಲ್ಲ, ಐದು ಲಕ್ಷಣ ನೋಡಿ. ಮೊದಲು ತೂಕ: ಪ್ರಯತ್ನಪಡದೆ ವರ್ಷದಲ್ಲಿ 4.5 ಕೆಜಿ ಇಳಿದಿದೆಯಾ? ಹಳೆಯ ತೂಕ ಬರೆದಿಟ್ಟಿಲ್ಲವೆಂದರೆ ಬಳೆ ಮುಂಗೈಯಿಂದ ಮೇಲಕ್ಕೆ ಜಾರುತ್ತಿದೆಯಾ, ರವಿಕೆ ಸಡಿಲವಾಗಿದೆಯಾ ಗಮನಿಸಿ. ಆಮೇಲೆ ನಡಿಗೆ. ನೆಲದಲ್ಲಿ 4 ಮೀಟರ್ ಗುರುತು ಹಾಕಿ, ಒಂದು ಮೀಟರ್ ಹಿಂದಿನಿಂದಲೇ ಹೊರಡಿಸಿ, ಮೊದಲ ಗುರುತು ದಾಟಿದಾಗ ಸ್ಟಾಪ್‌ವಾಚ್ ಒತ್ತಿ, ಕೊನೆಯ ಗುರುತು ದಾಟಿದಾಗ ನಿಲ್ಲಿಸಿ. 5 ಸೆಕೆಂಡ್ ಮೀರಿದರೆ ನಿಧಾನ. "ಬೇಗ ನಡಿ ಅಮ್ಮಾ" ಅನ್ನಬೇಡಿ, ಅಲ್ಲೇ ಅಳತೆ ಕೆಡೋದು. ಮಂಡಿನೋವಿದ್ದರೆ ನಿಧಾನಕ್ಕೆ ಅದೇ ಕಾರಣವಿರಬಹುದು, ಇದೊಂದರಿಂದಲೇ ತೀರ್ಮಾನಿಸಬೇಡಿ. ಉಳಿದ ಮೂರು: ಕೈಹಿಡಿತ ಸಡಿಲವಾಗಿರೋದು, ವಾರದಲ್ಲಿ ಮೂರು ದಿನವಾದರೂ "ಏನೂ ಮಾಡೋಕಾಗ್ತಿಲ್ಲ" ಅನ್ನುವ ಸುಸ್ತು, ಓಡಾಟ ಕಡಿಮೆಯಾಗಿರೋದು.

ಮೂರು ಅಥವಾ ಹೆಚ್ಚು ಇದ್ದರೆ ಫ್ರೇಲ್ಟಿ, ಒಂದೆರಡಿದ್ದರೆ ಅದರ ಮುನ್ನಿನ ಹಂತ. ಒಂದು ಕಂಡರೂ ಬರೆದುಕೊಂಡು ಡಾಕ್ಟರ ಬಳಿ ಹೋಗಿ, ನುಂಗುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಬೇಕೇ ಅಂತ ಕೇಳಿ. ಇವು ಕೆಟ್ಟರೂ ಇದೇ ಥರ ಸುಸ್ತು ಬರುತ್ತದೆ.