ಅರಬ್ಬಿ ಕಲಿಯಲು ಯಾವ ಪದಪಟ್ಟಿ ಒಳ್ಳೆಯದು?

ದಿನಕ್ಕೆ 30 ಪದ ಉರು ಹೊಡೆಯೋಕೆ ಪಟ್ಟಿ ಕೇಳಿದ್ದೀರಿ. ಯಾವುದೂ ಬೇಡ. ನಾನೂ ಹಾಗೇ ಶುರು ಮಾಡಿ ‘ಮೀಜಾನ್’ ಅನ್ನೋ ಒಂದೇ ಪದದಲ್ಲಿ ಮುಗ್ಗರಿಸಿದೆ.

ಮೀಜಾನ್ ಅಂದರೆ ತಕ್ಕಡಿ. ಅರಬ್ಬಿಯ ದೊಡ್ಡ ನಿಘಂಟುಗಳಲ್ಲಿ ಹೆಚ್ಚಿನವು ಪದದ ಮೊದಲಕ್ಷರ ನೋಡಿ ಜೋಡಿಸಿದವಲ್ಲ, ಬೇರಿನ ಅಕ್ಷರ ನೋಡಿ ಜೋಡಿಸಿದವು. ಬೇರು ಅಂದರೆ ಪದದ ಮೂಲ ಅರ್ಥ ಹೊತ್ತ ವ್ಯಂಜನಗಳು, ಸಾಮಾನ್ಯವಾಗಿ ಮೂರು. ದೀರ್ಘ ‘ಈ’ಯನ್ನು ‘ಯ’ ಅಕ್ಷರದಲ್ಲೇ ಬರೆಯುತ್ತಾರಲ್ಲ, ನಾನು ಕೊನೆಯ ‘ಆನ್’ ಪ್ರತ್ಯಯವಿರಬೇಕು ಅಂದುಕೊಂಡು ಮ-ಯ-ಜ ಹುಡುಕಿದೆ. ಸಿಕ್ಕೂಬಿಟ್ಟಿತು! ‘ವ್ಯತ್ಯಾಸ ಗುರುತಿಸು’ ಅಂತ ಅರ್ಥ. ತಕ್ಕಡಿಗೂ ಒಪ್ಪುತ್ತೆ ಅಂತ ಬರೆದಿಟ್ಟೆ. ಸಿಗದೇ ಹೋಗಿದ್ದರೆ ಬಚಾವಾಗುತ್ತಿದ್ದೆ.

ನಿಜವಾದ ಬೇರು ವ-ಜ-ನ, ತೂಕ. ಸಲಕರಣೆಗಳಿಗೆ ‘ಮಿಫ್‌ಆಲ್’ ಅನ್ನೋ ಅಚ್ಚಿದೆ; ಅಚ್ಚಿನ ಹೆಸರಲ್ಲಿ ಫ, ಅ, ಲ ಇರೋ ಕಡೆ ಬೇರಿನ ಮೂರು ಅಕ್ಷರ ಕ್ರಮವಾಗಿ ಕೂರುತ್ತವೆ. ಫ-ತ-ಹ (ತೆರೆ) ಅದಕ್ಕೆ ಹೊಯ್ದರೆ ಮಿಫ್ತಾಹ್, ಬೀಗದ ಕೈ. ನ-ಶ-ರ ಹೊಯ್ದರೆ ಮಿನ್‌ಶಾರ್, ಗರಗಸ. ವ-ಜ-ನ ಹೊಯ್ದರೆ ‘ಮಿವ್‌ಜಾನ್’ ಆಗಬೇಕಿತ್ತು. ಆದರೆ ‘ಇ’ ಆದಮೇಲೆ ಸ್ವರವಿಲ್ಲದ ‘ವ್’ ನಿಲ್ಲುವುದಿಲ್ಲ, ‘ಇ’ಯನ್ನು ದೀರ್ಘ ಮಾಡಿ ಕರಗಿಹೋಗುತ್ತದೆ. ಬಹುವಚನ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು: ಮವಾಜೀನ್. ಈದ್ ಮಿಲಾದಿನ ‘ಮೀಲಾದ್’ ಕೂಡ ಹೀಗೇ, ಬೇರು ವ-ಲ-ದ, ಹೆರು. ನನ್ನ ಗ್ರಹಚಾರ, ವ್ಯಾಕರಣದಲ್ಲಿ ಈ ಅಚ್ಚಿಗಿರುವ ಹೆಸರೇ ‘ವಜ್ನ್’. ಅದೇ ಬೇರು!

ಹೊಸ ಪದ ಸಿಕ್ಕಾಗ ಮುಂದಿನ ‘ಅಲ್’, ಹಿಂದಿನ ಲಿಂಗ-ವಚನದ ಪ್ರತ್ಯಯ ತೆಗೀರಿ. ಆಮೇಲೆ ಅಲಿಫ್ (ದೀರ್ಘ ‘ಆ’ ಬರೆಯುವ ಅಕ್ಷರ), ಹಂಜಾ (ಗಂಟಲಲ್ಲಿ ಉಸಿರು ತಡೆದು ಬಿಡುವ ಸದ್ದು), ಸ, ಲ, ತ, ಮ, ವ, ನ, ಯ, ಹ ಈ ಹತ್ತರ ಮೇಲೆ ಅನುಮಾನಪಡಿ (ಗಂಟಲಿನ ಹ, ದಪ್ಪ ಸ ಇದರಲ್ಲಿಲ್ಲ). ಹೊರಗಿಂದ ಸೇರೋದು ಸಾಮಾನ್ಯವಾಗಿ ಇವೇ. ಅರಬ್ಬಿ ಪಾಠದಲ್ಲಿ ಹತ್ತನ್ನೂ ‘ಸಅಲ್ತುಮೂನೀಹಾ’ ಅಂತ ಒಂದೇ ಪದದಲ್ಲಿ ನೆನಪಿಡುತ್ತಾರೆ. ಹೋಟೆಲಿನ ಸ್ವಾಗತ ಕೌಂಟರಿನ ‘ಇಸ್ತಿಕ್ಬಾಲ್’ ತಗೊಳ್ಳಿ. ಕ, ಬ ಪಟ್ಟಿಯಲ್ಲಿಲ್ಲ, ಹಾಗಾಗಿ ಬೇರಿನವು. ಲ ಪಟ್ಟಿಯಲ್ಲಿದೆ, ಆದರೆ ‘ಇಸ್ತಿಫ್‌ಆಲ್’ ಅಚ್ಚಿನ ಪಕ್ಕ ಇಟ್ಟರೆ ಅದೂ ಬೇರಿನದೇ ಅಂತ ಕಾಣುತ್ತೆ: ಕ-ಬ-ಲ. ಎರಡೇ ಅಕ್ಷರ ಉಳಿದರೆ ಸಾಮಾನ್ಯವಾಗಿ ಒಂದು ವ ಅಥವಾ ಯ ಅಡಗಿದೆ, ಇಲ್ಲವೇ ಒಂದು ಇಮ್ಮಡಿಯಾಗಿದೆ. ಆಗ ಬಹುವಚನ, ಕ್ರಿಯಾಪದ ಎರಡನ್ನೂ ನೋಡದೆ ನಿಘಂಟು ಮುಚ್ಚಬೇಡಿ.

ಪಟ್ಟಿ ಬೇಕೇ ಬೇಕಂದರೆ ಹತ್ತು ಅಚ್ಚುಗಳದ್ದು ಮಾಡಿಕೊಳ್ಳಿ. ನಿಮಗೆ ಅವು ತೀರಾ ಹೊಸದೇನಲ್ಲ. ತಾಲ್ಲೂಕು ಕಚೇರಿಯ ಹಾಜರು, ಹುಜೂರು, ಮಹಜರು ಮೂರೂ ಒಂದೇ ಬೇರಿನವು. ತಹಸೀಲು, ಮಹಸೂಲು ಇನ್ನೊಂದರವು. ಪಾರಸಿ ದಾರಿ ಹಿಡಿದು ಬಂದದ್ದರಿಂದ ಉಚ್ಚಾರ ಬದಲಾಗಿದೆ, ಅಚ್ಚು ಹಾಗೇ ಇದೆ.

ಅಚ್ಚು ನೋಡಿ ಅರ್ಥ ಊಹಿಸಬಹುದು, ಅಷ್ಟೇ. ಮಕ್ತಬ್ ‘ಬರೆಯುವ ಜಾಗ’ ಅನ್ನೋ ಅಚ್ಚು, ಬಳಕೆಯಲ್ಲಿ ಕಚೇರಿ, ಮೇಜು. ಅದಕ್ಕೊಂದು ಸ್ತ್ರೀಲಿಂಗದ ಬಾಲ ಸೇರಿ ಮಕ್ತಬಾ ಆದರೆ ಗ್ರಂಥಾಲಯವೂ ಹೌದು, ಪುಸ್ತಕದಂಗಡಿಯೂ ಹೌದು.